ಕಾಳು ಬಿಟ್ಟು ಕಾಂಡಕ್ಕೆ: ಬೋನಾಳದ ಒಂದು ಹಿತ್ತಲಲ್ಲಿ ಮರಕುಟಿಗ

ಬೋನಾಳಕ್ಕೆ ಹಕ್ಕಿ ನೋಡಲು ಹೊರಟೆ ಎಂದರೆ ಕೆರೆಗೆ ಹೊರಟೆ ಎಂದೇ ಅರ್ಥ. ಸುರಪುರ ಸೀಮೆಯ ಈ ಹಳೆಯ ಕೆರೆ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬಂದು ಇಳಿಯುತ್ತವೆ. ಕೊಕ್ಕರೆ, ಬಾತು, ನೀರುಕಾಗೆಗಳಿಗಂತೂ ಬರವಿಲ್ಲ. ದುರ್ಬೀನು ಹಿಡಿದು ಬಂದವರು ಏರಿಯ ಮೇಲೆ ನಿಂತು ನೀರಿನ ಕಡೆ ನೋಡುತ್ತಾರೆ. ನಾನು ಏರಿ ಇಳಿದು ಊರ ಕಡೆ ಬಂದೆ. ಹಿತ್ತಲಿಗೆ ಬರುವ ಮರಕುಟಿಗ ಅಲ್ಲಿ ಏನು ತಿನ್ನುತ್ತದೆ, ನಾವು ಇಟ್ಟದ್ದನ್ನು ತಿನ್ನುತ್ತದೆಯೇ ಎನ್ನುವುದನ್ನು ಕಣ್ಣಾರೆ ನೋಡಬೇಕಿತ್ತು.

ಈ ಕುತೂಹಲ ಹುಟ್ಟಿದ್ದು ಅಮೆರಿಕದಲ್ಲಿರುವ ನೆಂಟರ ಮನೆಯ ಫೋಟೊಗಳಿಂದ. ಅಲ್ಲಿ ಹಿತ್ತಲಿನ ಕಂಬಕ್ಕೆ ಪುಟ್ಟ ತಂತಿಯ ಪಂಜರ ತೂಗು ಹಾಕಿ, ಅದರಲ್ಲಿ ದನದ ಕೊಬ್ಬಿನ ಗಟ್ಟಿ ಇಡುತ್ತಾರೆ. ಕಪ್ಪು ಬಿಳುಪಿನ ಸಣ್ಣ ಮರಕುಟಿಗ ಬಂದು ಅದಕ್ಕೆ ಜೋತು ಬಿದ್ದು ಕುಟುಕುತ್ತದೆ. ಬಾಲ ಊರಲೆಂದು ಕೆಳಗೆ ಉದ್ದನೆಯ ಹಲಗೆ ಸೇರಿಸಿದ ಪಂಜರಗಳೂ ಅಂಗಡಿಯಲ್ಲಿ ಸಿಗುತ್ತವಂತೆ. ಹಿಮ ಬೀಳುವ ಊರಲ್ಲಿ ಕೊಬ್ಬು ಕೆಡುವುದಿಲ್ಲ, ಹಕ್ಕಿಗೂ ಚಳಿಗೆ ಅದೇ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಲ್ಲಿ ಅದು ಕರಗಿ, ಕಮಟು ಹಿಡಿದು, ಹಕ್ಕಿಯ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಹಾಗಾದರೆ ನಮ್ಮ ಕಡೆ ಮರಕುಟಿಗನಿಗೆ ಬಡಿಸುವುದು ಏನು?

ಫೆಬ್ರವರಿ ಮುಗಿಯುತ್ತ ಬಂದಿತ್ತು. ಎರೆ ಹೊಲದಲ್ಲಿ ಬಿಳಿಜೋಳ ಬಲಿತು ನಿಂತಿತ್ತು, ಕಾಲುವೆ ನೀರು ಹರಿಯುವ ಕಡೆ ಭತ್ತದ ಹಸಿರು. ನಾನು ಹೋದದ್ದು ಊರಿಗೂ ಕೆರೆಗೂ ನಡುವಿನ ಒಂದು ಹೊಲಮನೆಗೆ. ಮುಂದೆ ಅಂಗಳ, ಪಕ್ಕಕ್ಕೆ ದನದ ಚಪ್ಪರ, ಹಿಂದೆ ಒಂದಿಷ್ಟು ಗಿಡಮರ, ಅದರಾಚೆ ಜಾಲಿ ಬೇಲಿ. ಹಕ್ಕಿಗೆಂದು ಕಟ್ಟಿದ ಜಾಗವೇನೂ ಅಲ್ಲ. ಈ ಸೀಮೆಯ ನೂರು ಮನೆಗಳ ಹಿತ್ತಲು ಹೀಗೇ ಇರುತ್ತದೆ. ಅದಕ್ಕೇ ಆರಿಸಿಕೊಂಡೆ.

ಹೊತ್ತು ಹುಟ್ಟಿ ತುಸು ಮೇಲೇರಿತ್ತು. ಒಳಗೆ ಕಾಲಿಟ್ಟ ಕೂಡಲೇ ಕಂಡದ್ದು ಅಂಗಳದ ತೊಲೆಗೆ ತೂಗುಬಿಟ್ಟ ಜೋಳದ ತೆನೆಯ ಗೊಂಚಲು. ಹೊಸ ಬೆಳೆಯ ನಾಲ್ಕು ತೆನೆ ಗುಬ್ಬಿಗೆ ಎಂದು ಕಟ್ಟುವುದು ಇಲ್ಲಿ ಇನ್ನೂ ಬಿಟ್ಟುಹೋಗಿಲ್ಲ. ಅದರ ಕೆಳಗೆ ಒಡೆದ ಗಡಿಗೆಯ ತಳದಲ್ಲಿ ನೀರು, ಬದಿಗೆ ಬಂಡೆಯ ಮೇಲೆ ಚೆಲ್ಲಿದ ನುಚ್ಚು. ಗುಬ್ಬಿಗಳು ತೆನೆಗೆ ಮುಗಿಬಿದ್ದಿದ್ದವು. ಹರಟೆಮಲ್ಲಗಳ ಒಂದು ದಂಡು ನುಚ್ಚಿನ ಸುತ್ತ ಜಗಳವಾಡುತ್ತಿತ್ತು. ಗೊರವಂಕ ಬಂತು, ಕಾಗೆ ಬಂತು, ಅಳಿಲು ಬಂತು. ನಾನು ಚಪ್ಪರದ ಕಂಬಕ್ಕೆ ಒರಗಿ ಕುಳಿತೆ.

ಮನೆಯ ಹಿರಿಯಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಮ್ಮೆ ಹೊರಗೆ ಇಣುಕಿದರು. ನಾನು ಯಾವ ಹಕ್ಕಿಗೆ ಕಾಯುತ್ತಿದ್ದೇನೆ ಎಂದು ಮೊದಲೇ ಹೇಳಿದ್ದೆ.

“ಅದು ಇಲ್ಲಿ ಬರಂಗಿಲ್ರಿ ಸರ. ಜ್ವಾಳ ಮುಟ್ಟಂಗಿಲ್ಲ ಅದು. ಬೇವಿನ ಗಿಡಕ್ಕ ಬರ್ತದ, ಹಿಂದ ಹೋಗಿ ಕೂಡ್ರಿ.”

ಅಷ್ಟರಲ್ಲಿ ತಲೆಯ ಮೇಲಿಂದ ಕಿಲಕಿಲ ನಕ್ಕಂತೆ ಒಂದು ಕೂಗು ಹಾದುಹೋಯಿತು. ಏರುತ್ತ ಇಳಿಯುತ್ತ ಅಲೆಯ ಹಾಗೆ ಹಾರುವ ಹಕ್ಕಿ. ಬಿಸಿಲಿಗೆ ಬೆನ್ನು ಚಿನ್ನದಂತೆ ಮಿಂಚಿತು. ಹೊಂಬೆನ್ನಿನ ಮರಕುಟಿಗ. ತೆನೆಯ ಗೊಂಚಲಿನ ಕಡೆ ತಿರುಗಿಯೂ ನೋಡದೆ ಮನೆಯ ಮಾಳಿಗೆ ದಾಟಿ ಹಿತ್ತಲಿಗೆ ಇಳಿಯಿತು. ನಾನೂ ಎದ್ದು ಹಿಂದೆ ಹೋದೆ.

ಮನೆಯ ಹಿಂಬದಿಯ ಬಾಗಿಲಿನಿಂದ ಸ್ವಲ್ಪ ದೂರದಲ್ಲೇ ದೊಡ್ಡ ಬೇವಿನ ಮರ. ಎಲೆ ಉದುರುವ ಕಾಲವಾದ್ದರಿಂದ ಕೊಂಬೆ ಕೊಂಬೆಯೂ ಬಿಡಿಸಿ ಕಾಣುತ್ತಿತ್ತು. ಹಕ್ಕಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೂ ಮರಕುಟಿಗ ಕಾಣಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ಟಕ್, ಟಕ್‌ಟಕ್, ಸುಮ್ಮನೆ, ಮತ್ತೆ ಟಕ್. ನಾನು ಬಲಕ್ಕೆ ಸರಿದರೆ ಸದ್ದು ಎಡಕ್ಕೆ. ಆಮೇಲೆ ತಿಳಿಯಿತು, ನಾನು ಸುತ್ತಿದಂತೆ ಅದೂ ಕಾಂಡವನ್ನು ಅಡ್ಡ ಇಟ್ಟುಕೊಂಡು ಸುತ್ತುತ್ತಿದೆ. ನಿಂತಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಕೆಂಪು ಜುಟ್ಟಿನ ತಲೆಯೊಂದು ಕಾಂಡದ ಅಂಚಿನಿಂದ ಹೊರಬಂತು.

ನೆತ್ತಿಯ ಮುಂಭಾಗ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ, ಹಿಂಭಾಗದ ಜುಟ್ಟು ಮಾತ್ರ ಕೆಂಪು. ಅಂದರೆ ಹೆಣ್ಣು. ಗಂಡಿಗೆ ನೆತ್ತಿಯೆಲ್ಲ ಕೆಂಪೇ. ಗಂಟಲು ಕಪ್ಪು, ಅದರಲ್ಲಿ ಬಿಳಿ ಗೀರು. ಗೊರವಂಕಕ್ಕಿಂತ ತುಸು ದೊಡ್ಡದು. ಮರದ ಬುಡದಿಂದ ಆಳೆತ್ತರದಲ್ಲಿ ಶುರುಮಾಡಿ, ಜಿಗಿದು ಜಿಗಿದು ಮೇಲೇರುತ್ತಿತ್ತು. ಪ್ರತಿ ಜಿಗಿತಕ್ಕೂ ಬಾಲವನ್ನು ಕಾಂಡಕ್ಕೆ ಒತ್ತಿ ಹಿಡಿಯುತ್ತದೆ. ಬಾಲದ ನಡುವಿನ ಗರಿಗಳು ಬಿದಿರ ಸೀಳಿನಷ್ಟು ಬಿರುಸು. ಎರಡು ಕಾಲು, ಒಂದು ಬಾಲ, ಮೂರರ ಮೇಲೆ ಮೈಭಾರ. ಅದು ಉಗುರುಗಳನ್ನು ತೊಗಟೆಯ ಬಿರುಕಿಗೆ ಸಿಕ್ಕಿಸಿದ್ದು ದುರ್ಬೀನಿನಲ್ಲಿ ಚೆನ್ನಾಗಿ ಕಂಡಿತು.

ಮರಕುಟಿಗ ಎಂದರೆ ಸದಾ ಕುಟ್ಟುತ್ತಲೇ ಇರುತ್ತದೆ ಎಂದುಕೊಂಡವರಿಗೆ ಇಲ್ಲಿ ನಿರಾಸೆಯಾಗಬಹುದು. ಹೆಚ್ಚಿನ ಹೊತ್ತು ಅದು ಕುಟ್ಟುವುದಿಲ್ಲ, ನೋಡುತ್ತದೆ. ತಲೆ ಓರೆ ಮಾಡಿ ಒಂದು ಬಿರುಕನ್ನು ದಿಟ್ಟಿಸಿ, ಕೊಕ್ಕಿನ ತುದಿಯಿಂದ ಒಂದೆರಡು ಸಲ ತಟ್ಟಿ ಮುಂದೆ ಹೋಗುತ್ತದೆ. ಸಂತೆಯಲ್ಲಿ ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುವವರು ನೆನಪಾದರು. ಒಳಗೆ ಟೊಳ್ಳು ಇದೆ, ಹುಳ ಇದೆ ಅನ್ನಿಸಿದರೆ ಮಾತ್ರ ನಿಜವಾದ ಕೆಲಸ. ಅಲ್ಲಿ ತೊಗಟೆಯ ಚಕ್ಕೆ ಎಗರಿ ಬೀಳುತ್ತದೆ.

ಒಂದು ಕೊಂಬೆ ಕವಲೊಡೆಯುವ ಜಾಗದಲ್ಲಿ ಅದು ಬಹಳ ಹೊತ್ತು ನಿಂತಿತು. ಅಲ್ಲಿ ಕರಿ ಗೊದ್ದಗಳ ಸಾಲು ಮೇಲೆ ಕೆಳಗೆ ಹರಿಯುತ್ತಿತ್ತು. ಮರಕುಟಿಗ ಸಾಲಿನ ಪಕ್ಕಕ್ಕೆ ಮೈ ತಂದು, ಕೊಕ್ಕನ್ನು ತುಸು ತೆರೆದು, ನಾಲಿಗೆ ಹೊರಹಾಕಿತು. ತೆಳುವಾದ ನೂಲೊಂದು ಹೊಳೆದು ಮಾಯವಾದಂತೆ ಅಷ್ಟೇ ಕಂಡದ್ದು. ಹೊರಗೆ ಬಂದು ಒಳಗೆ ಹೋಗುವುದರೊಳಗೆ ಒಂದು ಗೊದ್ದ ಇರಲಿಲ್ಲ. ಮತ್ತೆ, ಮತ್ತೆ. ಕುಟ್ಟಲೇ ಇಲ್ಲ. ಗೊದ್ದಗಳು ಸಾಲು ಚದುರಿಸಿ ಓಡಾಡತೊಡಗಿದ ಮೇಲೆ ಮರಕುಟಿಗನೂ ಒಂದೆರಡು ಗೇಣು ಹಿಂದಕ್ಕೆ, ಕೆಳಮುಖವಾಗಿ ಜಾರಿ, ಓಡುವವುಗಳನ್ನು ಹೆಕ್ಕಿತು.

ಈ ನಾಲಿಗೆಯ ಕಟ್ಟಡವೇ ಒಂದು ವಿಸ್ಮಯ. ನಾಲಿಗೆಗೆ ಆಧಾರವಾದ ಎಲುಬು ಎರಡು ಕವಲಾಗಿ ಬಾಯಿಯ ಹಿಂದಿನಿಂದ ಹೊರಟು, ತಲೆಬುರುಡೆಯ ಹಿಂಬದಿಯನ್ನು ಬಳಸಿ, ನೆತ್ತಿಯ ಮೇಲಿಂದ ಹಣೆಯವರೆಗೆ ಬರುತ್ತದೆ. ಅದರ ಸ್ನಾಯು ಬಿಗಿದಾಗ ನಾಲಿಗೆ ಕೊಕ್ಕಿನಾಚೆ ಉದ್ದಕ್ಕೆ ಚಾಚುತ್ತದೆ. ತುದಿಯಲ್ಲಿ ಸಣ್ಣ ಮುಳ್ಳು, ಮೈಗೆಲ್ಲ ಅಂಟು ಜೊಲ್ಲು. ಕಾಳು ಒಡೆಯುವುದಕ್ಕೆ ಮಾಡಿದ ಬಾಯಿಯಲ್ಲ ಇದು. ಅಂಗಳದ ತೆನೆಯ ಕಡೆ ಅದು ತಿರುಗಿ ನೋಡದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ತಲೆಬುರುಡೆಯ ಬಗ್ಗೆಯೂ ಒಂದು ಮಾತು. ಇಷ್ಟು ಕುಟ್ಟಿದರೂ ಮರಕುಟಿಗನಿಗೆ ತಲೆನೋವು ಬರದಿರಲು ಬುರುಡೆಯಲ್ಲಿ ಪೆಟ್ಟು ಹೀರುವ ಮೆತ್ತನೆಯ ಪದರವಿದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದವರು ಬಹಳ ಮಂದಿ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ಬೇರೆಯದನ್ನೇ ಕಂಡಿತು. ತಲೆ ಗಟ್ಟಿಯಾದ ಸುತ್ತಿಗೆಯಂತೆಯೇ ಕೆಲಸ ಮಾಡುತ್ತದೆ; ಮೆತ್ತೆ ಇದ್ದಿದ್ದರೆ ಪೆಟ್ಟಿನ ಬಲವೇ ಕುಂದಿ ಹೋಗುತ್ತಿತ್ತು. ಮಿದುಳು ಬಹಳ ಚಿಕ್ಕದಾದ್ದರಿಂದ ಅಷ್ಟು ಪೆಟ್ಟನ್ನು ತಾಳಿಕೊಳ್ಳುತ್ತದೆ.

ಹಕ್ಕಿ ಬೇವಿನ ತುದಿ ಮುಟ್ಟಿ, ಅಲ್ಲಿಂದ ಹಾರಿ ಬಚ್ಚಲ ನೀರಿನ ಗುಂಡಿಯ ಪಕ್ಕದ ಪಪ್ಪಾಯಿ ಗಿಡಕ್ಕೆ ಬಂತು. ನಾನೂ ಆ ಕಡೆ ನಡೆದೆ. ಇಲ್ಲಿ ನೆಲ ಸದಾ ತೇವ. ಬಾಳೆ, ಪಪ್ಪಾಯಿ, ಕೆಸವು ಒತ್ತೊತ್ತಾಗಿ ಬೆಳೆದಿವೆ. ಅರ್ಧ ಹಣ್ಣಾದ ಒಂದು ಪಪ್ಪಾಯಿಯಲ್ಲಿ ಯಾರೋ ಮೊದಲೇ ತೂತು ಮಾಡಿದ್ದರು. ಬುಲ್‌ಬುಲ್‌ ಇರಬೇಕು, ಅಳಿಲೂ ಇರಬಹುದು. ಮರಕುಟಿಗ ಆ ತೂತಿಗೆ ಎರಡು ಸಲ ಕೊಕ್ಕು ಹಾಕಿತು. ಹಣ್ಣು ತಿಂದಿತೋ, ಹಣ್ಣಿಗೆ ಮುತ್ತಿದ್ದ ಸಣ್ಣ ಇರುವೆ ತಿಂದಿತೋ ನನಗೆ ಗೊತ್ತಾಗಲಿಲ್ಲ. ಈ ಜಾತಿ ಹಣ್ಣಿನ ತಿರುಳನ್ನೂ ಹೂವಿನ ಮಕರಂದವನ್ನೂ ಆಗೀಗ ಸವಿಯುವುದುಂಟು. ಆದರೆ ಆ ಬೆಳಗ್ಗೆ ಅದು ಅಲ್ಲಿ ನಿಂತದ್ದು ಬಹಳ ಸ್ವಲ್ಪ ಹೊತ್ತು. ಬಾಯಿ ರುಚಿಗೆ ಬಂದಂತಿತ್ತು, ಹೊಟ್ಟೆಗಲ್ಲ.

ಬಚ್ಚಲ ದಾಟಿದರೆ ಕಟ್ಟಿಗೆಯ ಒಟ್ಟಿಲು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಒಂದು ಕಡೆ. ದಪ್ಪ ಜಾಲಿ ಕೊರಡುಗಳು ಇನ್ನೊಂದು ಕಡೆ. ಒಟ್ಟಿಲಿನ ತಳದ ಕೊರಡುಗಳಿಗೆ ಒರಲಿ ಹತ್ತಿ ಮಣ್ಣಿನ ಹೊದಿಕೆ ಬೆಳೆದಿತ್ತು. ಅದರಲ್ಲಿ ಅಲ್ಲಲ್ಲಿ ಬೆರಳಗಲದ ಹೊಸ ಗುಳಿಗಳು. ಅಲ್ಲೇ ಆಡುತ್ತಿದ್ದ ಹುಡುಗನೊಬ್ಬನನ್ನು ಕೇಳಿದೆ.

“ಕೋಳಿ ಕೆದರ್ಯಾವೇನೋ?”

“ಇಲ್ರಿ, ಅದಾ ಹಕ್ಕಿ. ಮುಂಜಾನಿ ಕೆಳಗ ಇಳದು ಕುಟ್ತದ. ನಾಯಿ ಬಂದ್ರ ಹಾರಿ ಹೋಗ್ತದ.”

ನಾನು ನೋಡಿದಷ್ಟು ಹೊತ್ತು ಅದು ನೆಲಕ್ಕೆ ಇಳಿಯಲಿಲ್ಲ. ಆದರೆ ಹುಡುಗನ ಮಾತನ್ನು ಅನುಮಾನಿಸಲು ಕಾರಣವಿಲ್ಲ. ಹೊಂಬೆನ್ನಿನ ಮರಕುಟಿಗ ಬಿದ್ದ ಕೊರಡನ್ನೂ ಗೆದ್ದಲ ಹುತ್ತವನ್ನೂ ಕೆದಕುವ ಹಕ್ಕಿಯೇ. ಮನುಷ್ಯರ ಮನೆ, ತೋಟ, ರಸ್ತೆ ಬದಿಯ ಮರ ಎಲ್ಲಕ್ಕೂ ಹೊಂದಿಕೊಂಡಿದೆ.

ಅದೇ ಹುಡುಗ ನನ್ನನ್ನು ಮಾವಿನ ಮರದ ಬುಡಕ್ಕೆ ಕರೆದೊಯ್ದ. ನಾನು ಹಿಂದೊಮ್ಮೆ ಬಂದಾಗ ಅಮೆರಿಕದ ಪಂಜರದ ಕಥೆ ಹೇಳಿದ್ದೆ. ಅದನ್ನು ಮರೆಯದೆ ಅವನು ತನ್ನದೇ ಪ್ರಯೋಗ ಮಾಡಿದ್ದ. ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ, ಶೇಂಗಾ ಹೋಳಿಗೆಯ ಹೂರಣದಂತೆ ಮಾಡಿ, ಎದೆಯೆತ್ತರಕ್ಕೆ ತೊಗಟೆಯ ಬಿರುಕುಗಳಲ್ಲಿ ತುಂಬಿದ್ದ. ಮನೆಯಲ್ಲಿ ಬೈಸಿಕೊಂಡನೋ ಏನೋ, ಅದನ್ನು ನನಗೆ ಹೇಳಲಿಲ್ಲ. ಹೂರಣದ ಅರ್ಧ ಹೋಗಿತ್ತು. ಉಳಿದದ್ದರ ಮೇಲೆ ಇರುವೆಗಳು ಕಿಕ್ಕಿರಿದಿದ್ದವು.

“ಯಾರು ತಿಂದ್ರು?”

“ಅಳಿಲು ಭಾಳ ತಿಂತು. ಆ ಹಕ್ಕಿನೂ ಬಂದಿತ್ರಿ.”

ನಾವಿಬ್ಬರೂ ದೂರ ಸರಿದು ಹುಲ್ಲಿನ ಬಣವೆಯ ಮರೆಯಲ್ಲಿ ಕುಳಿತೆವು. ಮೊದಲು ಅಳಿಲು ಬಂತು. ಅದು ಹೋದ ಮೇಲೆ ಮರಕುಟಿಗ ಬಂತು. ಬೆಳಗ್ಗೆ ನೋಡಿದ ಹೆಣ್ಣೇ ಇರಬೇಕು ಎನ್ನಿಸಿತು, ಖಚಿತವಾಗಿ ಹೇಳಲಾರೆ. ಬುಡದಲ್ಲಿ ಕುಳಿತು, ಹೂರಣ ಹಚ್ಚಿದ ಜಾಗಕ್ಕೆ ಏರಿ, ತಲೆ ಓರೆ ಮಾಡಿತು. ಕೊಕ್ಕಿನಿಂದ ತಟ್ಟಲಿಲ್ಲ. ನಾಲಿಗೆ ಕೆಲಸಕ್ಕೆ ಇಳಿಯಿತು. ಬಿರುಕಿನ ಅಂಚಿನುದ್ದಕ್ಕೂ ಇರುವೆ ಸಾಲಿತ್ತು, ನಾಲಿಗೆ ಹೋಗುತ್ತಿದ್ದದ್ದೂ ಅಂಚಿನುದ್ದಕ್ಕೇ. ಒಮ್ಮೆ ಮಾತ್ರ ಕೊಕ್ಕನ್ನು ಹೂರಣಕ್ಕೇ ಚುಚ್ಚಿತು. ಆಮೇಲೆ ಕೊಕ್ಕಿಗೆ ಅಂಟಿದ್ದನ್ನು ತೊಗಟೆಗೆ ಈ ಬದಿ, ಆ ಬದಿ ಒರೆಸಿಕೊಂಡಿತು.

ಶೇಂಗಾ ತಿನ್ನಲಿಲ್ಲ ಎಂದು ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಬೇರೆ ಕಡೆ ಬೇರೆ ಮರಕುಟಿಗಗಳು ಶೇಂಗಾವನ್ನು ಖುಷಿಯಿಂದ ಒಯ್ಯುತ್ತವೆ. ಆದರೆ ಇಲ್ಲಿ ಕಂಡದ್ದು ಹೀಗೆ: ಹುಡುಗ ಹಕ್ಕಿಗೆಂದು ಬೆಲ್ಲ ಇಟ್ಟ, ಬೆಲ್ಲಕ್ಕೆ ಇರುವೆ ಬಂತು, ಇರುವೆಗೆ ಹಕ್ಕಿ ಬಂತು. ಅವನಿಗೆ ಇದನ್ನು ಹೇಳಿದಾಗ ಸ್ವಲ್ಪ ಯೋಚಿಸಿ, ಹಾಗಾದರೆ ಇನ್ನು ಮೇಲೆ ಬೆಲ್ಲ ಅಷ್ಟೇ ಹಚ್ಚಿದರೆ ಸಾಕು, ಶೇಂಗಾ ನಾನೇ ತಿಂತೀನಿ ಎಂದ. ಬೆಲ್ಲವನ್ನೂ ಹಚ್ಚಬೇಕಾಗಿಲ್ಲ ಎನ್ನಬೇಕಿತ್ತು. ಹತ್ತು ಹೆಜ್ಜೆ ಆಚೆಯ ಬೇವಿನಲ್ಲಿ ಬೆಲ್ಲವಿಲ್ಲದೆಯೂ ಗೊದ್ದ ಹರಿಯುತ್ತಿದ್ದವು.

ಮಾವು ದಾಟಿ ಹಿತ್ತಲಿನ ಕೊನೆಗೆ ಬಂದೆವು. ಇಲ್ಲಿಂದ ಜಾಲಿಯ ಬೇಲಿ, ಅದರಾಚೆ ಕಲ್ಲುಗುಂಡಿನ ದಿಬ್ಬ. ಅರ್ಧ ಬೇಲಿ ಹಳೆಯ ಕರಿಜಾಲಿ, ಇನ್ನರ್ಧ ಎಲ್ಲಿಂದಲೋ ಬಂದು ಎಲ್ಲ ಕಡೆ ಹಬ್ಬಿದ ಬಳ್ಳಾರಿ ಜಾಲಿ. ಇಲ್ಲಿ ಕೇಳಿಸಿದ ಸದ್ದು ಬೇರೆ. ಬಹಳ ಸಣ್ಣದು, ಕಿವಿಗೊಟ್ಟರೆ ಮಾತ್ರ ಕೇಳುವಂಥದು. ಹುಡುಕಿ ಹುಡುಕಿ ಕೊನೆಗೆ ಕರಿಜಾಲಿಯ ಮೇಲಿನ ಕೊಂಬೆಯಲ್ಲಿ ಕಂಡೆ: ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು, ಕಪ್ಪು ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಹಣೆ ನೆತ್ತಿ ಹಳದಿ, ಹಿಂದೆ ಕೆಂಪು. ಹಳದಿ ನೆತ್ತಿಯ ಮರಕುಟಿಗ, ಗಂಡು. ಹೊಟ್ಟೆಯ ಮೇಲಿನ ಕೆಂಪು ಮಚ್ಚೆ ಅದು ಮೈ ತಿರುಗಿಸಿದಾಗ ಒಮ್ಮೆ ಕಂಡಿತು. ಒಣ ಬಯಲು, ಮುಳ್ಳುಗಿಡ ಇದರ ಮೆಚ್ಚಿನ ಸೀಮೆ. ಮಲೆನಾಡಿನವರಿಗಿಂತ ನಮಗೆ ಇದು ಹತ್ತಿರದ್ದು, ಆದರೂ ನಮ್ಮಲ್ಲಿ ಇದನ್ನು ಗಮನಿಸಿದವರು ಕಡಿಮೆ. ಗದ್ದಲ ಮಾಡುವ ಹಕ್ಕಿಯಲ್ಲ.

ಒಂದೇ ಹಿತ್ತಲಿನಲ್ಲಿ ಎರಡು ಮರಕುಟಿಗಗಳು. ದೊಡ್ಡದು ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ. ಇದು ಹೆಬ್ಬೆರಳು ದಪ್ಪದ ಒಣ ಕಡ್ಡಿಗಳಲ್ಲಿ. ಕಡ್ಡಿಯ ಕೆಳಮೈಗೂ ಜೋತುಬಿದ್ದು ನಡೆಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಒಂದು ಒಣ ಕಡ್ಡಿಯ ತೊಗಟೆ ಸುಲಿದು ಬಿಳಿ ಹುಳವೊಂದನ್ನು ಎಳೆಯಿತು. ಹುಳ ಅರ್ಧ ಹೊರಬಂದು ಸಿಕ್ಕಿಕೊಂಡಿತು. ಹಕ್ಕಿ ಎಳೆದಾಡಲಿಲ್ಲ, ಬಿಟ್ಟು, ತೂತಿನ ಬಾಯಿಯನ್ನು ಪಕ್ಕದಲ್ಲಿ ನಾಲ್ಕು ಸಲ ಕುಟ್ಟಿ ಅಗಲ ಮಾಡಿ, ಮತ್ತೆ ಹಿಡಿದು ಎಳೆಯಿತು. ಈ ಸಲ ಇಡಿಯಾಗಿ ಬಂತು. ಆ ಕಡ್ಡಿಯಲ್ಲಿ ಒಂದು ಹಸಿ ಎಲೆಯೂ ಇರಲಿಲ್ಲ. ಪಕ್ಕದ ಹಸಿ ಕೊಂಬೆಗಳ ಮೇಲೆ ಅದು ದಾರಿಗೆಂದು ಕಾಲಿಟ್ಟಿತೇ ಹೊರತು ಊಟಕ್ಕಲ್ಲ.

ಬೇಲಿಯ ಮೂಲೆಯಲ್ಲಿ ಒಂದು ಒಣಗಿದ ಮರ ನಿಂತಿದೆ. ಹಳೆಯ ಬೇವು, ಸಿಡಿಲು ಬಡಿದದ್ದೋ ಬುಡಕ್ಕೆ ನೀರು ನಿಂತದ್ದೋ, ಮನೆಯವರು ಬೇರೆ ಬೇರೆ ಹೇಳಿದರು. ತೊಗಟೆ ಮುಕ್ಕಾಲು ಉದುರಿ ಮೈ ಬೂದಿಯ ಬಣ್ಣಕ್ಕೆ ತಿರುಗಿದೆ. ಸುತ್ತ ಒಂದು ಸುತ್ತು ಬಂದೆ. ತೊಗಟೆ ಉಳಿದ ಕಡೆ ಉದ್ದುದ್ದ ಗೀರು, ಬೆತ್ತಲೆ ಮರದಲ್ಲಿ ಕಡಲೆಕಾಳು ಗಾತ್ರದ ನೂರಾರು ಕುಳಿ, ಬುಡದಲ್ಲಿ ಚಕ್ಕೆಯ ರಾಶಿ. ಎರಡಾಳೆತ್ತರದಲ್ಲಿ ದುಂಡನೆಯ ಒಂದು ಪೊಟರೆ. ಬಾಯಿ ಎಷ್ಟು ನುಣುಪೆಂದರೆ ಬಡಿಗನ ಉಳಿಯೂ ಹೀಗೆ ಕೆತ್ತೀತು ಎನ್ನಲಾರೆ.

ಅದರೊಳಗಿಂದ ಒಂದು ಗಿಳಿ ತಲೆ ಹೊರಹಾಕಿ ನಮ್ಮನ್ನು ನೋಡಿತು.

ಮರಕುಟಿಗ ಕೊರೆದ ಮನೆಯಲ್ಲಿ ಮರಕುಟಿಗವೇ ಇರಬೇಕೆಂದಿಲ್ಲ. ಈ ಸೀಮೆಯಲ್ಲಿ ಗೂಡಿನ ಕಾಲ ಹೆಚ್ಚು ಕಡಿಮೆ ಈಗಲೇ ಶುರು. ಸಾಮಾನ್ಯವಾಗಿ ಮೂರು ಬಿಳಿ ಮೊಟ್ಟೆ, 11 ದಿನದ ಕಾವು, ಸುಮಾರು 20 ದಿನಕ್ಕೆ ಮರಿ ಹೊರಗೆ. ಆಮೇಲೆ ಪೊಟರೆ ಖಾಲಿ. ಗಿಳಿ, ಗೊರವಂಕ, ಮಡಿವಾಳ, ಹಾಲಕ್ಕಿ ಎನ್ನುವ ಸಣ್ಣ ಗೂಬೆ, ಇವಕ್ಕೆ ತಾವಾಗಿ ಮರ ಕೊರೆಯುವ ಶಕ್ತಿ ಇಲ್ಲ. ಬಿಟ್ಟ ಮನೆಗೆ ಕಾಯುತ್ತವೆ. ಕೆಲವು ಸಲ ಬಿಡುವವರೆಗೂ ಕಾಯುವುದಿಲ್ಲ, ಮರಕುಟಿಗವನ್ನೇ ಓಡಿಸುತ್ತವೆ. ಇಲ್ಲಿ ಗಿಳಿ ಬಾಡಿಗೆಗೆ ಬಂದದ್ದೋ ಕಿತ್ತುಕೊಂಡದ್ದೋ ನನಗೆ ಹೇಳಲಾಗದು.

ಅಷ್ಟರಲ್ಲಿ ಹಿರಿಯಾಕೆಯೂ ಬಂದರು.

“ಈ ಗಿಡ ಕಡಿಸ್ತೀರೇನವ್ವ?”

“ಕಡಿಸಬೇಕ್ರಿ. ಮಳಿಗಾಲಕ್ಕ ಬಿದ್ರ ದನದ ಮ್ಯಾಲ ಬೀಳ್ತದ. ಮತ್ತ ಒಲಿಗೂ ಆಗ್ತದ. ಒಣಗಿದ್ದು ಇಟಗೊಂಡು ಏನ್ ಮಾಡೋದು?”

ಆಕೆಯ ಮಾತಿನಲ್ಲಿ ನ್ಯಾಯವಿದೆ. ಬೇವಿನ ಕೊರಡಿಗೆ ಬೆಲೆ ಇದೆ, ಬೀಳುವ ಮರದ ಕೆಳಗೆ ಎಮ್ಮೆ ಕಟ್ಟಲಾಗದು. ಊರ ಹಕ್ಕಿ ಪ್ರೇಮಿಗಳು ಬಂದು ಕಡಿಯಬೇಡಿ ಎಂದು ಹೇಳಿ ಹೋಗುವುದು ಸುಲಭ. ಆದರೆ ನಡೆದು ಬಂದ ದಾರಿಯನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದರೆ ಲೆಕ್ಕ ಸ್ಪಷ್ಟವಾಗಿತ್ತು. ಅಂಗಳದಲ್ಲಿ ಹಕ್ಕಿಗೆಂದೇ ಇಟ್ಟ ತೆನೆ, ನುಚ್ಚು, ನೀರಿನ ಹತ್ತಿರಕ್ಕೆ ಮರಕುಟಿಗ ಬರಲಿಲ್ಲ. ಬಂದದ್ದು ಗೊದ್ದ ಹರಿಯುವ ಬೇವಿಗೆ, ಒರಲಿ ಹತ್ತಿದ ಕಟ್ಟಿಗೆಗೆ, ಇರುವೆ ಮುತ್ತಿದ ಮಾವಿಗೆ, ಒಣ ಜಾಲಿಕಡ್ಡಿಗೆ, ಈ ಸತ್ತ ಮರಕ್ಕೆ. ಇವೆಲ್ಲವೂ ನಾವು ನಾಳೆ ಸ್ವಚ್ಛ ಮಾಡಬೇಕು ಎಂದುಕೊಳ್ಳುವಂಥವು. ಇರುವೆಗೆ ಪುಡಿ ಹಾಕುತ್ತೇವೆ, ಒರಲಿಗೆ ಎಣ್ಣೆ ಹೊಡೆಯುತ್ತೇವೆ, ಒಣ ಕೊಂಬೆ ಸವರುತ್ತೇವೆ. ಹಿತ್ತಲು ಚೊಕ್ಕಟವಾಗುತ್ತದೆ, ಮರಕುಟಿಗ ಪಕ್ಕದ ಹಿತ್ತಲಿಗೆ ಹೋಗುತ್ತದೆ. ಪಕ್ಕದ ಹಿತ್ತಲೂ ಚೊಕ್ಕಟವಾದರೆ ಎಲ್ಲಿಗೆ ಎನ್ನುವುದು ಉಳಿಯುವ ಪ್ರಶ್ನೆ.

ಆಕೆಗೆ ಒಂದು ಮಾತು ಕೇಳಿದೆ: ಮೇಲಿನ ಕೊಂಬೆಗಳನ್ನೆಲ್ಲ ಒಲೆಗೆ ತೆಗೆದುಕೊಂಡು, ಪೊಟರೆಗಿಂತ ತುಸು ಮೇಲಕ್ಕೆ ಕಾಂಡ ಕತ್ತರಿಸಿ, ಉಳಿದದ್ದನ್ನು ನಿಲ್ಲಿಸಿದರೆ ಹೇಗೆ? ಭಾರ ಇಳಿದರೆ ಗಾಳಿಗೆ ಅಷ್ಟು ಬೇಗ ಬೀಳುವುದಿಲ್ಲ. ಅದೂ ಗಿಳಿಯ ಸಂಸಾರ ಮುಗಿದು ಪೊಟರೆ ಖಾಲಿಯಾದ ಮೇಲೆ. ದನವನ್ನು ಆ ಬದಿ ಕಟ್ಟದಿದ್ದರೆ ಆಯಿತು. ಆಕೆ ಮರವನ್ನೊಮ್ಮೆ, ಎಮ್ಮೆಯನ್ನೊಮ್ಮೆ ನೋಡಿದರು.

“ಮಗ ಬರ್ಲಿ, ಕೇಳ್ತೀನಿ. ಎಮ್ಮಿ ಗೂಟ ಕಿತ್ತು ಆಕಡಿ ಹೊಡಿಯೋದು ಅವ್ನ ಕೆಲಸ.”

ಒಪ್ಪಿದರು ಎಂದು ನಾನು ಬರೆದುಕೊಳ್ಳಲಿಲ್ಲ. ಬೇಡ ಎನ್ನಲಿಲ್ಲ ಎಂದು ಬರೆದುಕೊಂಡೆ. ನಿಮ್ಮ ಹಿತ್ತಲಿನಲ್ಲೂ ನೋಡಬೇಕೆಂದಿದ್ದರೆ ಕಾಳು ಚೆಲ್ಲಿ ಕಾಯಬೇಡಿ. ಬಿಸಿಲೇರುವ ಮೊದಲು, ಮನೆಗೂ ದನಕ್ಕೂ ದೂರವಿರುವ ಒಂದು ಒಣ ಕಾಂಡದ ಎದುರು, ತುಸು ಮರೆಯಲ್ಲಿ ಕುಳಿತುಕೊಳ್ಳಿ. ಕುಟ್ಟುವ ಸದ್ದು ಕೇಳಿದರೆ ಮರ ಸುತ್ತಬೇಡಿ, ಕುಳಿತೇ ಇರಿ. ಬುಡದಲ್ಲಿ ಹೊಸ ಚಕ್ಕೆ ಬಿದ್ದಿದ್ದರೆ ಜಾಗ ಸರಿಯಾಗಿದೆ.